ಐದನೆಯ ಗಂಟು

ಹಲಸೂರಿನ ನಮ್ಮ ಭಜನಾ ಮಂದಿರದ ಸೋಮವಾರದ ಪ್ರವಚನಕ್ಕೆ ಬರುತ್ತಿದ್ದವರಲ್ಲಿ ಅಯ್ಯಮ್ಮ ಎಂದೂ ಮುಂದಿನ ಸಾಲಿನಲ್ಲಿ ಕುಳಿತವಳಲ್ಲ. ಬಾಗಿಲ ಪಕ್ಕದ ಕಂಬವೇ ಆಕೆಯ ಸ್ಥಾನ. ಮಡಿಲಲ್ಲಿ ಯಾರದೋ ರೇಷ್ಮೆ ಸೀರೆಯ ಸೆರಗು ಹರಡಿರುತ್ತಿತ್ತು; ನಾನು ಭಗವಂತನ ಲೀಲೆಯನ್ನು ವರ್ಣಿಸುತ್ತಿದ್ದರೆ ಆಕೆ ಅದಕ್ಕೆ ಕುಚ್ಚು ಕಟ್ಟುತ್ತಿದ್ದಳು. ಮೊದಮೊದಲು ನನಗೆ ಅದು ಅಸಡ್ಡೆಯಂತೆ ಕಂಡದ್ದುಂಟು. ಒಮ್ಮೆ ಪ್ರವಚನದ ನಡುವೆ ಒಂದು ಕಥೆಯ ಕೊನೆಯನ್ನು ನಾನೇ ಮರೆತು ತಡವರಿಸಿದಾಗ, ಕಂಬದ ಬಳಿಯಿಂದ ತಲೆಯೆತ್ತದೆಯೇ ಅದನ್ನು ಹೇಳಿಕೊಟ್ಟವಳು ಅಯ್ಯಮ್ಮ. ಅಂದಿನಿಂದ ಆ ಕೈಗಳ ಕೆಲಸವನ್ನೂ ಒಂದು ಜಪವೆಂದೇ ಭಾವಿಸಿದೆ.

ಆಕೆ ಸುರಪುರದ ಕಡೆಯವಳು. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಗಂಡನೊಡನೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದಳು. ಮೂರನೆಯ ವರ್ಷವೇ ಗಂಡ ಜ್ವರದಲ್ಲಿ ತೀರಿಕೊಂಡ. ಮಗಳು ಕಾವೇರಿಯನ್ನು ಕಟ್ಟಿಕೊಂಡು ಹಲಸೂರಿನ ತಮಿಳರ ಓಣಿಯೊಂದರಲ್ಲಿ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದು ಉಳಿದಳು. ಕೈಗೆ ಸೂಜಿ ಕೊಟ್ಟವಳು ಉಮ್ಮೆ ಕುಲ್ಸುಂ, ಶಿವಾಜಿನಗರದವಳು, ವಯಸ್ಸಿನಲ್ಲಿ ಐದಾರು ವರ್ಷ ಹಿರಿಯಳು, ಅಯ್ಯಮ್ಮನ ಬಾಯಲ್ಲಿ ‘ಆಪಾ’, ಎಂದರೆ ಅಕ್ಕ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹಬೀಬ್ ಸಾಹೇಬರ ಹೊಲಿಗೆ ಅಂಗಡಿಯಿತ್ತು. ಹೆಂಗಸರ ರವಿಕೆಗಳಿಗೆ ಆ ಸುತ್ತಿನಲ್ಲಿ ಹೆಸರಾದ ಅಂಗಡಿ. ಯಂತ್ರದಿಂದ ಇಳಿದ ರವಿಕೆಗೆ ಹುಕ್ಸು ಹಾಕುವುದು, ಅಂಚು ಮಡಿಚಿ ಕೈಹೊಲಿಗೆ ಹಾಕುವುದು, ಸೀರೆಗೆ ಫಾಲ್ ಕೂಡಿಸುವುದು, ಕುಚ್ಚು ಕಟ್ಟುವುದು ಇವೆಲ್ಲ ಕುಲ್ಸುಮಳ ಪಾಲಿನ ಕೆಲಸ. ಅವಳೇ ಅಯ್ಯಮ್ಮನನ್ನು ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡಳು. ಹದಿಮೂರು ವರ್ಷ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ದಾರದ ಉಂಡೆಯಿಂದ ಎಳೆ ತೆಗೆದರು.

ಅಂಗಡಿಯಲ್ಲಿ ಕೈಕೆಲಸಕ್ಕೆ ಇಬ್ಬರೇ ಇದ್ದುದರಿಂದ ಇಬ್ಬರೂ ಒಟ್ಟಿಗೆ ರಜೆ ಹಾಕುವಂತಿರಲಿಲ್ಲ. ಆದ್ದರಿಂದ ಅವರೊಳಗೆ ಒಂದು ಒಪ್ಪಂದ ತಾನಾಗಿಯೇ ಬೆಳೆಯಿತು. ರಂಜಾನಿನ ಕೊನೆಯ ವಾರ ಮತ್ತು ಬಕ್ರೀದ್ ಅಯ್ಯಮ್ಮ ದುಡಿಯಬೇಕು. ಪಂಚಮಿಗೆ ಅಯ್ಯಮ್ಮ ತವರಿಗೆ ಹೋದಾಗ ಕುಲ್ಸುಂ ಎರಡಾಳಿನ ಕೆಲಸ ಹೊರಬೇಕು. ಯುಗಾದಿಯ ಮರುದಿನ ಚಹಾ ಕುಡಿಯುತ್ತ ಇಬ್ಬರೂ ವರ್ಷದ ರಜೆ ಹಂಚಿಕೊಳ್ಳುತ್ತಿದ್ದರು. ಇಬ್ಬರಿಗೂ ಓದು ಬಾರದು. ಕುಲ್ಸುಂ ಗೋಡೆಯ ಮೊಳೆಗೆ ಒಂದು ಹಸಿರು ದಾರ ತೂಗುಹಾಕಿ, ಹೊಸ ಚಂದ್ರ ಕಂಡಾಗಲೊಮ್ಮೆ ಅದಕ್ಕೊಂದು ಗಂಟು ಹಾಕುತ್ತಿದ್ದಳು. ಆ ದಾರದ ಪ್ರಕಾರ ಬಂದ ರಂಜಾನು ಎಂದೂ ತಪ್ಪಿದ್ದಿಲ್ಲ. ಅಯ್ಯಮ್ಮನಿಗೆ ದಾರದ ಅಗತ್ಯವೇ ಇರಲಿಲ್ಲ. ಆಕೆಗೆ ಅಣ್ಣನಿದ್ದ.

ಆ ಸೀಮೆಯ ಪದ್ಧತಿಯನ್ನು ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ. ಅಲ್ಲಿ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಸ್ವತಃ ಬಂದು ಕರೆಯಬೇಕು. ಕರೆಯದೆ ಹೋಗುವುದು ಅವಮಾನ, ಕರೆಯದಿರುವುದು ಅದಕ್ಕಿಂತ ದೊಡ್ಡ ಅವಮಾನ. ಅಲ್ಲಿ ಎಳ್ಳು ಶೇಂಗಾದ ಉಂಡಿ, ಹುರಿದ ಜೋಳದ ಅಳ್ಳು, ಬೇವಿನ ಮರಕ್ಕೆ ಬಿಗಿದ ಜೋಕಾಲಿ. ನಾಗಪ್ಪನಿಗೆ ಹಾಲೆರೆಯುವಾಗ ಒಂದೊಂದು ಹನಿಗೂ ಒಬ್ಬೊಬ್ಬರ ಹೆಸರು: ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಅಯ್ಯಮ್ಮನ ಅಣ್ಣ ಜಟ್ಟೆಪ್ಪ ಪ್ರತಿ ವರ್ಷ ಯಾದಗಿರಿಯಲ್ಲಿ ರೈಲು ಹತ್ತಿ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ದಾರಿ ಕೇಳುತ್ತ ಹಲಸೂರಿನ ಆ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವನು ಬಂದನೆಂದರೆ ಪಂಚಮಿ ಬಂತು.

ಹಾಗೆ ಬಂದವನು ತೊಂಬತ್ತೆಂಟರಿಂದ ಬಾರದಾದ. ಕಾವೇರಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನು ಕೇಳಿದ್ದ. ಸೋದರಮಾವನಾಗಿ ಕೇಳುವ ಹಕ್ಕು ಅವನದು. ಆದರೆ ಹುಡುಗಿಗೆ ಮನಸ್ಸಿರಲಿಲ್ಲ. ತಾಯಿ ಮಗಳ ಕಡೆ ನಿಂತು, ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಲಕ್ಷ್ಮಿಕಾಂತನಿಗೆ ಆಕೆಯನ್ನು ಕೊಟ್ಟಳು. ಜಟ್ಟೆಪ್ಪ ಮದುವೆಗೆ ಬಂದು ಅಕ್ಷತೆ ಹಾಕಿದ. ಊಟಕ್ಕೆ ನಿಲ್ಲದೆ ಹೊರಟ. ಆ ವರ್ಷದ ಪಂಚಮಿಗೆ ಬಾಗಿಲು ಬರಿದಾಗಿತ್ತು. ಮುಂದಿನ ವರ್ಷವೂ ಅಷ್ಟೇ. ಒಟ್ಟು ಆರು ಪಂಚಮಿಗಳನ್ನು ಅಯ್ಯಮ್ಮ ಹಬೀಬ್ ಸಾಹೇಬರ ಅಂಗಡಿಯಲ್ಲೇ ಕಳೆದಳು. ಬೆಳಿಗ್ಗೆ ನಮ್ಮ ಓಣಿಯ ಅಶ್ವತ್ಥಕಟ್ಟೆಯ ಬಳಿ ಹೆಂಗಸರು ಹಾಲು ಹಿಡಿದು ಸೇರಿದ್ದನ್ನು ಕಂಡರೆ ಆಕೆಗೆ ಹಬ್ಬ ಗೊತ್ತಾಗುತ್ತಿತ್ತು. ತಾನೂ ಒಂದು ಲೋಟ ಹಾಲು ತರುತ್ತಿದ್ದಳು. ಆರು ವರ್ಷವೂ ‘ಅಣ್ಣನ ಪಾಲು’ ಎಂಬ ಹನಿಯನ್ನು ಬಿಟ್ಟವಳಲ್ಲ. ಅದನ್ನು ನಾನೇ ಕೇಳಿದ್ದೇನೆ.

ಎರಡು ಸಾವಿರದ ನಾಲ್ಕನೆಯ ಇಸವಿಯ ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಹೊರಮಾವಿನಲ್ಲಿ ಗಾರೆ ಕೆಲಸಕ್ಕಿದ್ದ ದುರ್ಗೇಶನೆಂಬ ಅದೇ ಊರಿನವನು ಒಂದು ಭಾನುವಾರ ಬಂದು ಸುದ್ದಿ ಮುಟ್ಟಿಸಿದ. ಜಟ್ಟೆಪ್ಪ ಈ ಸಲ ಪಂಚಮಿಗೆ ತಂಗಿಯನ್ನು ಕರೆಯಲು ಬರುತ್ತಾನಂತೆ. ಬಂದರೆ ಹೊರಡುತ್ತಾಳೋ ಇಲ್ಲವೋ ಕೇಳಿಕೊಂಡು ಬಾ ಎಂದಿದ್ದಾನಂತೆ. ಅಯ್ಯಮ್ಮ ಬಂದು ಕರೆದುಕೊಂಡು ಹೋಗಲೆಂದು ಹೇಳಿ ಕಳುಹಿಸಿದಳು. ಮಗಳಿಗೆ ಹೇಳಲಿಲ್ಲ. ಮುರಿದದ್ದು ಕೂಡಿದ ಮೇಲೆ ಹೇಳಿದರಾಯಿತೆಂದು ಆಕೆಯ ಎಣಿಕೆ.

ಮರುದಿನ ಕುಲ್ಸುಮಳ ಹಸಿರು ದಾರದ ಪಕ್ಕದಲ್ಲಿ ಒಂದು ಕೆಂಪು ದಾರ ತೂಗಿತು. ಅವ್ವ ಹೇಳಿಕೊಟ್ಟಿದ್ದ ಲೆಕ್ಕ ನೆನಪಿತ್ತು: ಯುಗಾದಿಯಿಂದ ನಾಲ್ಕು ಅಮಾವಾಸ್ಯೆ, ಅದರ ಮೇಲೆ ಐದು ದಿನ. ಅಮಾವಾಸ್ಯೆಗೊಂದರಂತೆ ಗಂಟು ಬಿದ್ದವು. ನಾಲ್ಕನೆಯ ಗಂಟು ಜುಲೈ ತಿಂಗಳ ಹದಿನೇಳಕ್ಕೆ ಬಿತ್ತು. ಆಷಾಢದಲ್ಲಿ ಕೆಲಸ ತೆಳು. ಊರಿಗೆ ಹೋಗಬೇಕೆಂದು ಕೇಳಿದಾಗ ಹಬೀಬ್ ಸಾಹೇಬರು ಯಾಕೆಂದು ಕೇಳದೆ ಐದು ದಿನದ ರಜೆ ಕೊಟ್ಟರು. ಅಣ್ಣನಿಗೆಂದು ಅವರ ಕೈಯಲ್ಲೇ ಒಂದು ಬಿಳಿಯ ಅಂಗಿ ಹೊಲಿಸಿದಳು. ಅಳತೆ ಎಲ್ಲಿಯದು? ಆರು ವರ್ಷದ ಹಿಂದೆ ಕಂಡ ಹೆಗಲುಗಳ ಅಗಲವನ್ನು ಎರಡು ಕೈ ಹಿಡಿದು ತೋರಿಸಿದಳಂತೆ. ಅತ್ತಿಗೆಗೊಂದು ಸೀರೆ; ಅದಕ್ಕೆ ತಾನೇ ಕಟ್ಟಿದ ಕುಚ್ಚು. ಕುಲ್ಸುಂ ನಗುತ್ತ, ಈ ಸಲ ನಿಮ್ಮೂರ ಉಂಡಿ ಒಂದು ಡಬ್ಬಿ ತರದಿದ್ದರೆ ಚಾಪೆಯಲ್ಲಿ ಜಾಗವಿಲ್ಲವೆಂದು ಹೆದರಿಸಿ ಕಳುಹಿಸಿದಳು. ಆಗಸ್ಟಿನಲ್ಲಿ ಕುಲ್ಸುಮಳ ಮಗಳು ನಾಜಿಶ್‌ಳ ನಿಕಾಹ್ ಗೊತ್ತಾಗಿತ್ತು. ಆ ಹತ್ತು ದಿನ ಅಂಗಡಿಯನ್ನು ತಾನೊಬ್ಬಳೇ ನೋಡಿಕೊಳ್ಳುವೆನೆಂದು ಅಯ್ಯಮ್ಮ ಆಗಲೇ ಮಾತು ಕೊಟ್ಟಾಗಿತ್ತು.

ಸೋಮವಾರದಿಂದ ಆಕೆ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಳು. ನೀರಿಗೆ ಹೋದರೂ ಪಕ್ಕದ ಮನೆಯ ತಮಿಳು ಅಜ್ಜಿಗೆ ಹೇಳಿಹೋಗುವಳು. ಮಂಗಳವಾರ ಹೋಯಿತು, ಬುಧವಾರ ಹೋಯಿತು. ಗುರುವಾರ ಬೆಳಿಗ್ಗೆ ಹಾಲಿನ ಲೋಟ ಹಿಡಿದು ಅಶ್ವತ್ಥಕಟ್ಟೆಗೆ ಬಂದಳು. ಅಲ್ಲಿ ಬೇರೆ ಒಬ್ಬ ಹೆಂಗಸೂ ಇರಲಿಲ್ಲ. ನಾನು ಅದೇ ದಾರಿಯಾಗಿ ಕಚೇರಿಗೆ ಹೊರಟಿದ್ದೆ. ಒಬ್ಬಳೇ ನಾಗರ ಕಲ್ಲಿಗೆ ಹಾಲೆರೆಯುತ್ತಿದ್ದಾಳೆ, ಅಧಿಕ ಮಾಸದ ಪೂಜೆಗೆ ಫಲ ಹೆಚ್ಚು, ಎಂಥ ಭಕ್ತಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಕೈಮುಗಿದು ಬಸ್ಸಿನ ಕಡೆ ನಡೆದೆ. ಎರಡು ನಿಮಿಷ ನಿಂತು, ಏನು ತಾಯಿ ಇಂದು ವಿಶೇಷ ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಶನಿವಾರ ಆಕೆ ಅಂಗಡಿಗೆ ಹಿಂದಿರುಗಿದಳು. ಮೊಳೆಯಿಂದ ಕೆಂಪು ದಾರವನ್ನು ಕಿತ್ತು ಚಿಂದಿಯ ಚೀಲಕ್ಕೆ ಎಸೆದಳು. ಕುಲ್ಸುಂ ಅಂದು ಮಗಳ ಮದುವೆಯ ಬಟ್ಟೆಗೆಂದು ಹೋಗಿದ್ದಳು. ಕತ್ತರಿ ಆಡಿಸುತ್ತಿದ್ದ ಹಬೀಬ್ ಸಾಹೇಬರು ಊರಿನ ಸಮಾಚಾರ ಕೇಳಿದರು.

“ಊರಿಗೆಲ್ಲಿ ಹೋದೆ ಸಾಬ್ರೇ. ಪಂಚಮಿನೂ ಆಗೋಯ್ತು, ಅಣ್ಣ ಬರ್ಲಿಲ್ಲ. ಆರು ವರ್ಷ ಮರ್ತಿದ್ದ, ಈಗ ಮರ್ತಿಲ್ಲ ಅಂತ ತೋರ್ಸಕ್ಕೆ ಒಂದ್ಸಲ ಆಸೆ ಹಚ್ಚಿದ, ಅಷ್ಟೇ.”

ಸಾಹೇಬರು ಕತ್ತರಿ ಕೆಳಗಿಟ್ಟರು.

“ಯಾವ ಪಂಚಮಿ ಅಮ್ಮಾ? ವರಮಹಾಲಕ್ಷ್ಮಿ ಬ್ಲೌಸ್‌ಗಳೆಲ್ಲ ಬರೋ ತಿಂಗಳು ಇಪ್ಪತ್ತೇಳಕ್ಕೆ ಬೇಕು ಅಂತ ಬರ್ಕೊಂಡಿದೀನಿ. ನಾಗಪಂಚ್ಮಿ ಅದಕ್ಕೆ ಒಂದ್ ವಾರ ಮುಂಚೆ ತಾನೆ ಬರೋದು? ಇಪ್ಪತ್ತು ವರ್ಷದಿಂದ ನಿಮ್ ಹಬ್ಬಕ್ಕೆ ಹೊಲೀತಾ ಇದೀನಿ. ನಿಮ್ ಹಬ್ಬ ನಿಮಗಿಂತ ಮುಂಚೆ ನನ್ ಕತ್ತರಿಗೆ ಬರತ್ತೆ.”

ಅಂದು ಸಂಜೆ ಅಯ್ಯಮ್ಮ ಓಡುತ್ತಲೇ ನನ್ನ ಮನೆಗೆ ಬಂದಳು. ಕಥೆಯನ್ನೆಲ್ಲ ಕೇಳಿ ನಾನು ಪಂಚಾಂಗ ಬಿಚ್ಚಿದೆ. ಆ ವರ್ಷ ಶ್ರಾವಣ ಎರಡು. ಮೊದಲನೆಯದು ಅಧಿಕ, ಅದರಲ್ಲಿ ಹಬ್ಬವಿಲ್ಲ. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಮೆ ಬೀಳುವುದರಿಂದ, ಎರಡೂವರೆ ಮೂರು ವರ್ಷಕ್ಕೊಮ್ಮೆ ನಮ್ಮ ಹಿರಿಯರು ಒಂದು ತಿಂಗಳು ಸೇರಿಸಿ ಸರಿದೂಗಿಸುತ್ತಾರೆ. ಕುಲ್ಸುಮಳವರ ಲೆಕ್ಕದಲ್ಲಿ ಹಾಗೆ ಸೇರಿಸುವ ಪದ್ಧತಿಯಿಲ್ಲ. ಆದ್ದರಿಂದ ಹಸಿರು ದಾರ ತಪ್ಪಲಿಲ್ಲ, ಕೆಂಪು ದಾರ ತಪ್ಪಿತು. ಊರಿನಲ್ಲಿದ್ದಿದ್ದರೆ ಬಾವಿಕಟ್ಟೆಯಲ್ಲಿ ಯಾರಾದರೂ ಹೇಳುತ್ತಿದ್ದರು. ಇಲ್ಲಿ ಹೇಳಬೇಕಾಗಿದ್ದವನು ನಾನು. ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡಿಸುವಾಗ ಅಧಿಕ ಮಾಸದ ಮಹಿಮೆಯನ್ನು ಅರ್ಧ ತಾಸು ವರ್ಣಿಸಿದ್ದೆ. ಪಂಚಮಿ ಒಂದು ತಿಂಗಳು ತಡವೆಂಬ ನಾಲ್ಕು ಮಾತನ್ನು ಮಾತ್ರ ಹೇಳಿರಲಿಲ್ಲ. ಅದನ್ನು ಒಪ್ಪಿಕೊಂಡು, ತಪ್ಪು ನನ್ನದು ತಾಯಿ ಎಂದೆ. ಆಕೆಗೆ ನನ್ನ ತಪ್ಪು ಬೇಕಾಗಿರಲಿಲ್ಲ.

“ಹಂಗಾದ್ರೆ ಅಣ್ಣ ಬರ್ತಾನಾ ಅಪ್ಪಾರೆ?”

ಬರುತ್ತಾನೆ ಎಂದೆ. ಆಕೆ ನಗುತ್ತ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದ ಕೈ ನಡುವೆಯೇ ನಿಂತಿತು. ಪಂಚಮಿ ಆಗಸ್ಟ್ ಇಪ್ಪತ್ತು, ಶುಕ್ರವಾರ. ನಾಜಿಶ್‌ಳ ನಿಕಾಹ್ ಇಪ್ಪತ್ತೆರಡು, ಭಾನುವಾರ. ಹದಿನಾರರಿಂದ ಕುಲ್ಸುಂ ಅಂಗಡಿಗೆ ಬರುವುದಿಲ್ಲ. ವರಮಹಾಲಕ್ಷ್ಮಿಯ ರವಿಕೆಗಳು ರಾಶಿ ಬೀಳುವುದೂ ಆಗಲೇ.

ಕುಲ್ಸುಮಳಿಗೆ ಹೇಳಿದರೆ ಅವಳು ಮಗಳ ಮದುವೆಯ ಮನೆ ಬಿಟ್ಟು ಬಂದು ಕೂರುವವಳೇ. ಆದ್ದರಿಂದಲೇ ಹೇಳಬಾರದೆಂದು ಅಯ್ಯಮ್ಮ ಹಬೀಬ್ ಸಾಹೇಬರಿಂದಲೂ ಮಾತು ತೆಗೆದುಕೊಂಡಳು; ಅವಳಿಗೆ ಪಂಚಮಿ ಕಳೆಯಿತು, ಅಣ್ಣ ಬರಲಿಲ್ಲ ಎಂದಷ್ಟೇ ಹೇಳಿದಳು. ಬರಲಾಗದೆಂದು ಅಣ್ಣನಿಗೆ ಹೇಳಿ ಕಳುಹಿಸು ಎಂದು ನಾನು ಎಷ್ಟೋ ಹೇಳಿದೆ. ಹೂಂ ಎಂದಳು, ಹೇಳಿ ಕಳುಹಿಸಲಿಲ್ಲ. ಚಿಂದಿಯ ಚೀಲವನ್ನು ಕೆದಕಿ ಕೆಂಪು ದಾರವನ್ನು ಹುಡುಕಿ ತೆಗೆದು ಮತ್ತೆ ಮೊಳೆಗೆ ತೂಗುಹಾಕಿದಳೆಂದು ಸಾಹೇಬರು ಆಮೇಲೆ ತಿಳಿಸಿದರು.

ಆಗಸ್ಟ್ ಹದಿನೈದು ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಜಟ್ಟೆಪ್ಪ ಬಂದ. ಅಯ್ಯಮ್ಮ ಮೊದಲೇ ಕೇಳಿಕೊಂಡಿದ್ದಳೆಂದು ಅಂದು ನಾನೂ ಆಕೆಯ ಕೋಣೆಯಲ್ಲಿದ್ದೆ; ಒಬ್ಬಳೇ ಎದುರಿಸುವ ಧೈರ್ಯ ಆಕೆಗಿರಲಿಲ್ಲ. ಬಾಗಿಲಲ್ಲಿ ನಿಂತವನು ತೆಳ್ಳಗಾಗಿದ್ದ, ಗಡ್ಡ ನರೆತಿತ್ತು. ತಂಗಿ ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ರಾತ್ರಿಯ ರೈಲಿಗೆ ಹೊರಡಬೇಕು, ಚೀಲ ಕಟ್ಟು ಎಂದ ಅವನು. ಆಗ ಆಕೆ ಎಲ್ಲವನ್ನೂ ಹೇಳಿದಳು: ನಾಲ್ಕು ಗಂಟು, ತೀರಿಹೋದ ರಜೆ, ಕುಲ್ಸುಮಳಿಗೆ ಕೊಟ್ಟ ಮಾತು. ಕೇಳುತ್ತ ಕೇಳುತ್ತ ಅವನ ಮುಖ ಬಿಗಿಯಾಯಿತು. ಚಹಾದ ಲೋಟವನ್ನು ನೆಲದ ಮೇಲಿಟ್ಟು ಎದ್ದ.

“ಬರೂದಿಲ್ಲಂತ ದುರ್ಗ್ಯಾನ ಕೈಯಾಗ ಒಂದು ಮಾತು ಹೇಳಿ ಕಳಸಬೇಕಿಲ್ಲೇನು? ಮಗಳನ್ನ ಕೇಳಿದಾಗೂ ಇಲ್ಲಂದಿ. ಈಗ ನಿನ್ನ ಕರದ್ರೂ ಇಲ್ಲಂತಿ.”

“ಹೇಳಿ ಕಳಿಸಿದ್ರ ನೀ ಬರ್ತಿದ್ದಿಲ್ಲ ಯಣ್ಣಾ.”

ಅವನು ಬಾಗಿಲ ಕಡೆ ತಿರುಗಿದ. ಅಯ್ಯಮ್ಮ ತಡೆಯಲಿಲ್ಲ, ತಿಂಗಳ ಹಿಂದೆಯೇ ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ ಬಿಳಿಯ ಅಂಗಿಯನ್ನು ತೆಗೆದು, ಹೋಗುವುದಾದರೆ ಇದನ್ನಾದರೂ ತೊಟ್ಟುಕೊಂಡು ಹೋಗೆಂದು ಮುಂದೆ ಹಿಡಿದಳು. ಬೇಡವೆನ್ನಲಾಗದೆ ಅವನು ತೊಟ್ಟ. ಅಂಗಿಯ ಹೆಗಲುಗಳು ತೋಳಿಗೆ ಜಾರಿದವು. ಅದರ ಕೈಗಳು ಬೆರಳ ತುದಿಯವರೆಗೆ ಬಂದವು. ಆಕೆ ಅಳತೆ ಕೊಟ್ಟಿದ್ದ ಅಣ್ಣನೇ ಬೇರೆ, ಎದುರಿಗಿದ್ದವನೇ ಬೇರೆ. ಇಬ್ಬರೂ ಆ ಅಂಗಿಯನ್ನೇ ನೋಡುತ್ತ ನಿಂತರು. ಕೊನೆಗೆ ಆಕೆ ಸೂಜಿಯ ಡಬ್ಬಿ ತೆಗೆದಳು.

“ಕುಂದ್ರು. ಹೆಗಲು ಒಳಗ ಹಿಡೀತೀನಿ.”

ಜಟ್ಟೆಪ್ಪ ಕುಳಿತ. ಆಕೆ ಹಿಂದೆ ಕುಳಿತು ಹೆಗಲ ಹೊಲಿಗೆಯನ್ನು ಬಿಚ್ಚತೊಡಗಿದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ ಅವನೆಂದ:

“ಆರು ವರ್ಷ ನಿನ್ನ ಹೆಸರೀಲೆ ಹಾಲು ಎರಕೋತ ಬಂದೀನಿ. ಗಂಡಸ ಆಗಿ. ನಿಮ್ಮತ್ತಿಗಿ ನಗತಿದ್ಲು.”

ನಾನು ಸದ್ದಿಲ್ಲದೆ ಎದ್ದು ಹೊರಗೆ ಬಂದೆ. ದೇವರು ಒಂದು ಮನೆಗೆ ಬಂದಾಗ ಬೋಧಕನಿಗೆ ಅಲ್ಲೇನು ಕೆಲಸ?

ಜಟ್ಟೆಪ್ಪ ಅಂದಿನ ರೈಲು ಹತ್ತಲಿಲ್ಲ, ಮರುದಿನದ್ದನ್ನೂ ಹತ್ತಲಿಲ್ಲ. ಸೋಮವಾರ ಅಮಾವಾಸ್ಯೆಯ ಲೆಕ್ಕ ಮುಗಿಯಿತೆಂದು ಅಯ್ಯಮ್ಮ ಅಂಗಡಿಯ ಕೆಂಪು ದಾರಕ್ಕೆ ಐದನೆಯ ಗಂಟು ಹಾಕಿದಳು. ಆ ಗಂಟೇ ಗುಟ್ಟನ್ನು ಹೊರಹಾಕಿತು. ಮಂಗಳವಾರ ಮದುವೆಯ ಕುಪ್ಪಸಗಳನ್ನು ಒಯ್ಯಲು ಬಂದ ಕುಲ್ಸುಂ ದಾರವನ್ನು ನೋಡಿದಳು, ಎಣಿಸಿದಳು, ಮುಗಿದ ಹಬ್ಬಕ್ಕೆ ಐದನೆಯ ಗಂಟು ಯಾಕೆಂದು ಹಬೀಬ್ ಸಾಹೇಬರ ಮುಖವನ್ನು ನೋಡಿದಳು. ಅವರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

“ಅಲ್ಲಾ ಅಯ್ಯಮ್ಮ, ನಾನು ಬಂದು ಕೂತ್ಕೋತೀನಿ ಅಂತ ಹೆದರ್ಕೊಂಡು ಮುಚ್ಚಿಟ್ಯಾ?”

“ಹೂಂ ಆಪಾ.”

“ಸರಿಯಾಗೇ ಹೆದರ್ಕೊಂಡಿದೀಯ. ಈಗ್ಲೇ ಕೂತ್ಕೋತೀನಿ, ಎದ್ದೇಳು.”

ಅಯ್ಯಮ್ಮ ಏಳಲಿಲ್ಲ. ಇಬ್ಬರಿಗೂ ದೊಡ್ಡ ವಾಗ್ವಾದವೇ ನಡೆಯಿತಂತೆ. ಸಾಹೇಬರು ನಡುವೆ ಬಂದು ಒಂದು ಮಾತು ನೆನಪಿಸಿದರು: ಪಂಚಮಿ ಬಿದ್ದಿರುವುದು ಶುಕ್ರವಾರ, ಜುಮ್ಮಾ ನಮಾಜಿಗೆಂದು ಅಂಗಡಿ ಹನ್ನೆರಡೂವರೆಗೆ ಮುಚ್ಚುತ್ತದೆ, ಎರಡೂವರೆಗೆ ತೆರೆಯುತ್ತದೆ. ಆ ಎರಡು ಗಂಟೆ ಯಾರ ಕೆಲಸವೂ ಕೆಡುವುದಿಲ್ಲ. ಕುಲ್ಸುಂ ತುಸು ಯೋಚಿಸಿ, ತನ್ನ ಮನೆಯ ಅಂಗಳದಲ್ಲೂ ಒಂದು ಬೇವಿನ ಮರವಿದೆಯಲ್ಲ ಎಂದಳು.

ಶುಕ್ರವಾರ ಬೆಳಿಗ್ಗೆ ಅಶ್ವತ್ಥಕಟ್ಟೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಈ ಸಲ ನಾನು ನಿಂತೆ. ಹೆಗಲು ಸರಿಯಾಗಿ ಕೂತ ಬಿಳಿಯ ಅಂಗಿಯಲ್ಲಿ ಜಟ್ಟೆಪ್ಪ ಲೋಟ ಹಿಡಿದು ನಿಂತಿದ್ದ, ತಂಗಿ ಹಾಲೆರೆಯುತ್ತಿದ್ದಳು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಣ್ಣನ ಪಾಲು ಎನ್ನುವಾಗ ಆಕೆಯ ದನಿ ಸ್ವಲ್ಪ ಜೋರಾಯಿತು. ಕಾವೇರಿಯ ಪಾಲು ಎಂದಾಗ ಜಟ್ಟೆಪ್ಪ ತಲೆಯೆತ್ತಲಿಲ್ಲವಾದರೂ ಲೋಟವನ್ನು ತಂಗಿಯ ಕೈಗೆ ಇನ್ನಷ್ಟು ಬಾಗಿಸಿದ. ಕೊನೆಯಲ್ಲಿ ಎರಡು ಹನಿ ಉಳಿದಿತ್ತು. ಕುಲ್ಸುಂ ಆಪಾ ಪಾಲು, ನಾಜಿಶ್ ಪಾಲು ಎಂದು ಅದನ್ನೂ ಎರೆದಳು. ನನ್ನ ಪಕ್ಕದ ಹೆಂಗಸೊಬ್ಬಳು ತಿರುಗಿ ನೋಡಿದಳು. ನಾಗಪ್ಪ ಸುಮ್ಮನೆ ಕುಡಿದ.

ಮಧ್ಯಾಹ್ನದ್ದನ್ನು ನಾನು ಕಂಡಿಲ್ಲ. ಅಯ್ಯಮ್ಮ ಅನೇಕ ಸಲ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಜಟ್ಟೆಪ್ಪ ರಸೆಲ್ ಮಾರ್ಕೆಟ್ಟಿನ ಬಳಿ ಹಗ್ಗ ಕೊಂಡು, ಕುಲ್ಸುಮಳ ಅಂಗಳದ ಬೇವಿಗೆ ತನ್ನೂರಿನ ಗಂಟಿನಲ್ಲಿ ಜೋಕಾಲಿ ಬಿಗಿದಿದ್ದ. ಹಳದಿ ಉಟ್ಟಿದ್ದ ಮದುಮಗಳು ನಾಜಿಶ್‌ಳನ್ನು ಮೊದಲು ಕೂರಿಸಿದರು. ಆಮೇಲೆ ಅಯ್ಯಮ್ಮ ಕುಳಿತಳು. ಆರು ಪಂಚಮಿಗಳ ಮೇಲೆ ಕುಳಿತವಳನ್ನು ಅಣ್ಣ ಎಷ್ಟು ಜೋರಾಗಿ ತೂಗಿದನೆಂದರೆ ಕುಲ್ಸುಂ ಹೆಂಚು ಒಡೆದೀತೆಂದು ಗದರಿದಳಂತೆ. ಅಷ್ಟರಲ್ಲಿ ಕಾವೇರಿ ಮೂರು ವರ್ಷದ ಮಗಳನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಕೆಗೆ ಹೇಳಿ ಕಳುಹಿಸಿದವಳು ಕುಲ್ಸುಂ. ಕಾವೇರಿ ಒಳಗೆ ಬರಲು ಹಿಂಜರಿಯುತ್ತಿದ್ದಳು. ಜಟ್ಟೆಪ್ಪ ಹಗ್ಗವನ್ನು ಹಿಡಿದು ನಿಲ್ಲಿಸಿದ. ಸೊಸೆಯಾಗಿ ಬರಬೇಕಾಗಿದ್ದವಳನ್ನು ಒಮ್ಮೆ ನೋಡಿದ. ಆಮೇಲೆ ಮಗುವಿನ ಕಡೆ ಎರಡೂ ಕೈ ಚಾಚಿದ.

“ಬಾರವ್ವ. ನಿಮ್ಮ ಅಜ್ಜೀನ ಇಳಿಸಿ ನಿನ್ನ ಕುಂದ್ರಸ್ತೀನಿ. ಆಕಿ ಭಾಳ ಹೊತ್ತಾತು ಇಳೀವಲ್ಲಳು.”

ಎರಡೂವರೆಗೆ ಅಯ್ಯಮ್ಮ ಅಂಗಡಿಯಲ್ಲಿದ್ದಳು. ಸೆರಗಿನಲ್ಲಿ ಬೇವಿನ ಎಲೆಗಳು ಸಿಕ್ಕಿದ್ದವೆಂದೂ, ಅಂದು ಆಕೆ ಹಾಕಿದ ಹುಕ್ಸುಗಳಲ್ಲಿ ನಾಲ್ಕು ಉಲ್ಟಾ ಬಿದ್ದಿದ್ದವೆಂದೂ ಹಬೀಬ್ ಸಾಹೇಬರು ಇಂದಿಗೂ ನಗುತ್ತಾರೆ. ಜಟ್ಟೆಪ್ಪ ನಿಕಾಹ್ ಮುಗಿಸಿ, ಊಟ ಮಾಡಿಯೇ ಊರಿಗೆ ಹೊರಟ.

ಮುಂದಿನ ಯುಗಾದಿಗೆ ನಾನು ಸಂವತ್ಸರ ಫಲದ ಮೇಲೆ ದೀರ್ಘವಾದ ಉಪನ್ಯಾಸವೊಂದನ್ನು ಸಿದ್ಧಪಡಿಸಿಕೊಂಡಿದ್ದೆ. ಮಂದಿರ ತುಂಬಿತ್ತು. ಕಂಬದ ಬಳಿಯಿಂದ ಅಯ್ಯಮ್ಮ ಎದ್ದು ನಿಂತಳು. ಕೈಯಲ್ಲಿ ಹೊಸದೊಂದು ಕೆಂಪು ದಾರ.

“ಈ ವರ್ಷ ಎಷ್ಟು ಗಂಟು ಅಪ್ಪಾರೆ?”

ನಾಲ್ಕೇ ತಾಯಿ ಎಂದೆ. ಆಕೆ ಕುಳಿತುಕೊಂಡಳು. ಆಮೇಲಷ್ಟೇ ನಾನು ಉಪನ್ಯಾಸಕ್ಕೆಂದು ಪಂಚಾಂಗ ಬಿಚ್ಚಿದೆ.